ತಗಡಿನ ಚಿತ್ರ ಮತ್ತು ಬೀಗರ ತಲೆ

ನಮ್ಮ ಕಡೆಯವರು ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳುವುದು ಕಡಿಮೆ. ತಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿದರೆ ಮಾತು ಮುಗಿಯಿತು. ಕಾಫಿ ಬೇಕೇ ಎಂದರೂ ಅಷ್ಟೆ, ಸೈಟು ಕೊಡುತ್ತೀರಾ ಎಂದರೂ ಅಷ್ಟೆ. ಟೆಲಿಫೋನ್ ಕಚೇರಿಯಲ್ಲಿ ಕೆಲಸ ಮಾಡುವ ನನಗೆ ಇದರ ತೊಂದರೆ ಚೆನ್ನಾಗಿ ಗೊತ್ತು. ಫೋನಿನಲ್ಲೂ ತಲೆಯಾಡಿಸಿ ಸುಮ್ಮನಾಗುವ ಜನ ನಾವು. ಆದರೆ ಈ ಅಭ್ಯಾಸದಿಂದಲೇ ನನ್ನ ಮಗಳ ಮದುವೆ ನಡೆದುಹೋಯಿತೆಂದರೆ ನೀವು ನಂಬಲಿಕ್ಕಿಲ್ಲ.

ನಮ್ಮೂರಿನ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯಲ್ಲಿ ನಾವು ಮನೆ ಕಟ್ಟಿ ಮುಗಿಸಿದ ವರ್ಷ ಅದು. ಹಾಲ್‌ನ ದೊಡ್ಡ ಗೋಡೆ ಬೋಳಾಗಿತ್ತು. ತೀರಿಕೊಂಡ ಹಿರಿಯರ ಫೋಟೋಗಳನ್ನು ಅಲ್ಲಿ ಸಾಲಾಗಿ ಹಾಕುವುದೆಂದು ನಾನು ತೀರ್ಮಾನಿಸಿದ್ದೆ. "ಬಂದೋರು ಒಳಗೆ ಕಾಲಿಡ್ತಿದ್ದಂಗೆ ಸತ್ತೋರ ಮುಖ ನೋಡ್ಬೇಕೇನ್ರಿ?" ಎಂದು ಹೆಂಡತಿ ಗಿರಿಜಾ ತಳ್ಳಿಹಾಕಿದಳು. ಅವಳ ತಮ್ಮ ಮಂಜುನಾಥ ಹೊಸ ಮನೆಗಳಿಗೆ ಒಳಗಿನ ಅಲಂಕಾರ ಮಾಡಿಸಿಕೊಡುವ ಕಂಟ್ರಾಕ್ಟರ್. ಅವನು ಬೆಂಗಳೂರಿನಿಂದ ಆಳೆತ್ತರದ ಅಲ್ಯೂಮಿನಿಯಂ ತಗಡೊಂದನ್ನು ತಂದು ಗೋಡೆಗೆ ಬಿಗಿದೇಬಿಟ್ಟ. ಯಾವುದೋ ದೇಶದ ಕಲಾವಿದ ಗಾಳಿಗೆ ತಿರುಗುವ ಕಲಾಕೃತಿಯೊಂದನ್ನು ಮಾಡಿದ್ದನಂತೆ. ಅದರ ಚಿತ್ರವನ್ನು ತಗಡಿನ ಮೇಲೆ ಅಚ್ಚು ಹಾಕಿದ್ದಂತೆ. ಒಂದರೊಳಗೊಂದು ನೀಲಿ, ಕೇಸರಿ ಬಳೆಗಳು. ದೇವರಿಲ್ಲ, ಮರವಿಲ್ಲ, ಮನುಷ್ಯರಿಲ್ಲ.

"ಏನಪ್ಪಾ ಇದು, ಅಂಗಡಿ ಬೋರ್ಡ್ ಇದ್ದಂಗೈತೆ," ಎಂದೆ.

"ಭಾವ, ಎದುರಿಗೆ ಕುಂತು ಸ್ವಲ್ಪ ತಲೆ ಅಲ್ಲಾಡಿಸಿ ನೋಡ್ರಿ," ಎಂದ.

ನೋಡಿದೆ. ತಲೆ ಎಡಕ್ಕೆ ಹೋದರೆ ತಗಡಿನ ಹೊಳಪು ಗೆರೆಗಳ ಮೇಲೆ ಹರಿದು ಬಳೆಗಳೆಲ್ಲ ಒಳಕ್ಕೆ ತಿರುಗಿದವು. ಬಲಕ್ಕೆ ಬಂದರೆ ಹೊರಕ್ಕೆ. ಬೆಳಗಿನ ಬಿಸಿಲಿಗೆ ನಿಧಾನ, ಸಂಜೆ ಟ್ಯೂಬ್‌ಲೈಟಿಗೆ ಚುರುಕು. ಅದುವರೆಗೆ ನಿಂತಲ್ಲೇ ನಿಂತು ಓಡಾಡುವ ಕಲೆಯನ್ನು ನಮ್ಮ ಕಚೇರಿಯವರಲ್ಲಿ ಮಾತ್ರ ಕಂಡಿದ್ದೆ. ಅದರಲ್ಲಿ ಇಷ್ಟು ಸೊಗಸಿರಲಿಲ್ಲ. ನನಗೆ ಅದು ಬಹಳ ಇಷ್ಟವಾಗಿಹೋಯಿತು. ಇದರ ಅರ್ಥವೇನೆಂದು ಯಾರಾದರೂ ಕೇಳಿದರೆ ಸಿಟ್ಟೇ ಬರುತ್ತಿತ್ತು. ತುಂಗಭದ್ರೆ ಹರಿಯುವುದಕ್ಕೆ ಅರ್ಥ ಕೇಳುತ್ತಾರೆಯೇ? ಪೇಪರು ಬಿಟ್ಟು ಅದರೆದುರು ತಲೆದೂಗುತ್ತ ಕೂರುವ ನನ್ನನ್ನು ಕಿಟಕಿಯಿಂದ ಕಂಡ ಪಕ್ಕದ ಮನೆಯವರು, ಸಂಗೀತ ಕಲಿಯುತ್ತಿದ್ದೀರಾ ಎಂದು ವಿಚಾರಿಸಿದ್ದರು.

ಆ ಹೊತ್ತಿಗೆ ಮಗಳು ಶೈಲಜಾಳಿಗೆ ಹರಿಹರದ ಸಂಬಂಧ ಬಂದಿತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ತೊಡಕಾಗಿದ್ದವರು ಹುಡುಗನ ತಂದೆ, ಕಾಳಿನ ವ್ಯಾಪಾರಿ ಸಿದ್ದಬಸಪ್ಪನವರು. ಯಾವುದಕ್ಕೂ "ನೋಡಾಣ ಬಿಡ್ರಿ" ಎನ್ನುವ ಮನುಷ್ಯ. ನಮ್ಮ ಹಳೆಯ ಬಾಡಿಗೆ ಮನೆಗೆ ಬಂದಾಗಲೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದು, ನೋಡಾಣ ಎಂದು ಎದ್ದು ಹೋಗಿದ್ದರು. ಈಗ ಮತ್ತೊಮ್ಮೆ ಬರುವವರಿದ್ದರು; ಈ ಸಲವೂ ಹಾಗೆಯೇ ಹೋದರೆ ಸಂಬಂಧ ಕೈಬಿಟ್ಟಂತೆಯೇ. ಆ ದಿನಗಳಲ್ಲಿ ಮಗಳ ಮುಖ ನೋಡುವುದೇ ನನಗೆ ಕಷ್ಟವಾಗಿತ್ತು.

ಹೊಸ ಮನೆಗೆ ಬಂದವರು ತಗಡಿಗೆ ಎದುರಾಗಿ ಕುಳಿತರು. ಮಂಡಕ್ಕಿ ಮುಗಿಯಿತು. ನಾನು ಧೈರ್ಯ ಮಾಡಿ, "ಹಂಗಾದ್ರೆ ಈ ಸಂಬಂಧ ಒಪ್ಪಿಗೆ ಅನ್ನಾಣೇನ್ರಿ ಯಜಮಾನ್ರೆ?" ಎಂದು ಕೇಳಿದೆ. ಅವರ ತಲೆ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ. ಮುಖದ ತುಂಬ ನಗು. ಇಷ್ಟು ಮನಸಾರೆ ಒಪ್ಪಿದವರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಮಾತು ಕುದುರಿದೊಡನೆ ಬಾಯಿಗೆ ಸಕ್ಕರೆ ಹಾಕುವುದು ನಮ್ಮಲ್ಲಿ ಪದ್ಧತಿ; ಹಾಕಿದ ಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಗಿರಿಜಾ ಡಬ್ಬಿ ಸಮೇತ ಓಡಿಬಂದಳು. ಸಕ್ಕರೆ ನಾಲಿಗೆಗೆ ತಾಗಿದ ಮೇಲೆ ಅವರು ತಗಡಿನಿಂದ ಕಣ್ಣು ಕಿತ್ತು, "ಸಕ್ಕರೆ ಯಾಕ್ರಿ ಈಗ?" ಎಂದರು.

ನಾನು ತೊದಲುತ್ತ ವಿವರಿಸಿದೆ.

"ನಾನು ಆ ಬಳೆ ತಿರುಗೋದು ನೋಡ್ತಿದ್ನಲ್ರೀ," ಎಂದರು.

ಶೈಲಜಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಿದ್ದಬಸಪ್ಪನವರು ಅವಳನ್ನು ನೋಡಿದರು, ಬಾಯಲ್ಲಿದ್ದ ಸಕ್ಕರೆ ಚಪ್ಪರಿಸಿದರು. "ಆತು ಬಿಡ್ರಿ. ಬಾಯಾಗ ಬಿದ್ದ ಸಕ್ಕರೆ ಉಗುಳಾಕೆ ಆಗ್ತೈತಾ? ಬ್ಯಾರೆ ಏನೂ ಬ್ಯಾಡ. ಹುಡುಗಿ ಜೊತಿಗೆ ಆ ತಗಡು ಕೊಡ್ರಿ, ಸಾಕು," ಎಂದರು. ಈಗ ಎಲ್ಲರೂ ನನ್ನ ತಲೆಯ ಕಡೆ ನೋಡಿದರು. ಅದು ಆಡಲೇಬೇಕಾಯಿತು.

ಮದುವೆ ಮುಗಿಸಿ ಮಗಳು ಹರಿಹರಕ್ಕೆ ಹೊರಟಳು. ಟೆಂಪೋದಲ್ಲಿ ಬೀರು, ಹಾಸಿಗೆ, ಜಮಖಾನದಲ್ಲಿ ಸುತ್ತಿದ ತಗಡು. ನಾನು ಬಿಕ್ಕಿ ಬಿಕ್ಕಿ ಅತ್ತೆ. ಬೀಗರು ಹೆಗಲು ತಟ್ಟಿ, "ನಮ್ಮ ಮಗಳಂಗೇ ನೋಡ್ಕಂತೀವಿ, ಚಿಂತೆ ಮಾಡಬ್ಯಾಡ್ರಿ," ಎಂದರು. "ಬೆಳಗಿನ ಬಿಸ್ಲು ಬೀಳೋ ಗೋಡೆಗೇ ಹಾಕ್ರಿ. ಒದ್ದೆ ಬಟ್ಟೇಲಿ ಒರೆಸಬ್ಯಾಡ್ರಿ," ಎಂದು ನಾನು ಹೇಳುವಷ್ಟರಲ್ಲಿ ಮತ್ತೆ ಅಳು ಉಕ್ಕಿತು. ಮಗಳು ಕಿವಿಯ ಹತ್ತಿರ ಬಂದು, "ಅಳಬ್ಯಾಡ್ರಿ ಅಪ್ಪಾಜಿ. ಭಾನುವಾರ ಭಾನುವಾರ ಬಂದು ನೋಡ್ಕಂಡು ಹೋಗ್ರಿ," ಎಂದಳು. ಏನನ್ನು ಎಂದು ಹೇಳಲಿಲ್ಲ.

ಅಂದಿನಿಂದ ಒಂದು ಭಾನುವಾರವನ್ನೂ ತಪ್ಪಿಸಿಲ್ಲ. ಹೆತ್ತವರೆಂದರೆ ಹೀಗಿರಬೇಕು ಎಂದು ಬೀಗರ ಕೇರಿಯಲ್ಲೆಲ್ಲ ನನಗೆ ಒಳ್ಳೆಯ ಹೆಸರು ಬಂದಿದೆ.