ಕುಬಸದ ಸೀರೆಯ ಹಸಿರನ್ನು ಒಯ್ದ ನೀಲಿ ಗಾಜಿಗೆ

ಮಾನ್ಯ ನೀಲಿ ಗಾಜಿನ ಚೂರು ಅವರ ಸನ್ನಿಧಿಗೆ, ಪುಣೆಯ ಹಡಪಸರದಲ್ಲಿ ಬ್ಲೌಸ್ ಹೊಲಿಯುವ ಶಿವಕಾಂತಾ ಬಾಗಿ ಮಾಡುವ ನಮಸ್ಕಾರಗಳು.

ನಾನು ನಾಲ್ಕನೆಯ ತರಗತಿಯವರೆಗೆ ಓದಿದವಳು. ಅಕ್ಷರ ಸೊಟ್ಟಗಿದ್ದರೆ, ಕಾಗುಣಿತ ತಪ್ಪಿದ್ದರೆ ಮನ್ನಿಸಬೇಕು. ಯಾರ ಎದುರಿಗೂ ನಿಂತು ಮಾತಾಡಲು ನನಗೆ ನಾಚಿಕೆ. ಅದರಲ್ಲೂ ತಾವು ನನ್ನ ಗುಂಡಿಗಳ ಡಬ್ಬಿಯಲ್ಲಿ ವಿಶ್ರಾಂತಿಯಲ್ಲಿರುವಾಗ ಮುಚ್ಚಳ ತೆಗೆದು ದೂರುವುದು ಸಭ್ಯತೆಯಲ್ಲವೆಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ತಮ್ಮ ದೊಡ್ಡಸ್ತಿಕೆಯನ್ನು ಮೊದಲು ನಾಲ್ಕು ಜನರಿಗೆ ತಿಳಿಸಬೇಕು. ಕ್ಯಾಮೆರಾದ ಹೊಟ್ಟೆಯೊಳಗೆ, ಚಿತ್ರ ಮೂಡುವ ಫಲಕದ ಮುಂದೆ, ಅಂಚೆಚೀಟಿಯಷ್ಟು ಜಾಗದಲ್ಲಿ ಕುಳಿತು, ಹೆಚ್ಚಾದ ಕೆಂಪು ಬೆಳಕನ್ನೆಲ್ಲ ತಾವು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸುತ್ತಿದ್ದಿರಿ. ಪಕ್ಕದ ಮಗರಪಟ್ಟಾ ಬಡಾವಣೆಯ ಗೇಟಿನ ವಾಚ್‌ಮನ್ನರೂ ಇಷ್ಟು ನಿಷ್ಠುರರಲ್ಲ. ಅವರು ಹಾಲಿನವನನ್ನಾದರೂ ಒಳಗೆ ಬಿಡುತ್ತಾರೆ. ರಾತ್ರಿಯ ಆಕಾಶದಲ್ಲಿ, ನಕ್ಷತ್ರಗಳ ನಡುವೆ, ಕೆಂಪಾಗಿಯೇ ಹೊಳೆಯುವ ಮೋಡಗಳಿವೆಯಂತೆ. ಭೋರ್ ಗುಡ್ಡದ ಮೇಲೆ ನಿಂತು ನಾನು ಅವುಗಳ ಚಿತ್ರ ತೆಗೆದರೆ, ತಮ್ಮ ದಯದಿಂದ ಒಲೆಯ ಬೂದಿಯಂಥ ಬಣ್ಣ ಬರುತ್ತಿತ್ತು. ಆದ್ದರಿಂದ ಹಳೆಯ ಕ್ಯಾಮೆರಾವನ್ನು ಹೊಲಿಗೆ ಮೇಜಿನ ಮೇಲೆ ಬಿಚ್ಚಿ, ಸ್ಕ್ರೂಗಳನ್ನು ಹುಕ್ಕುಗಳ ಹಾಗೆ ಸಾಲಾಗಿ ಇಟ್ಟು, ಚಿಮಟದಿಂದ ತಮ್ಮನ್ನು ಮೆಲ್ಲಗೆ ಎತ್ತಿ, ತಮ್ಮ ಸ್ಥಾನದಲ್ಲಿ ಬಣ್ಣವಿಲ್ಲದ ಗಾಜನ್ನು ಕೂರಿಸಿದೆ. ಮುಚ್ಚುವಾಗ ಒಂದು ಸ್ಕ್ರೂ ಉಳಿಯಿತು. ಅದರ ಬಗ್ಗೆ ಕ್ಯಾಮೆರಾ ಇದುವರೆಗೆ ಏನೂ ಹೇಳಿಲ್ಲ.

ಕೆಂಪು ಮೋಡಗಳು ಬಂದವು. ದಾಸವಾಳದಂತೆ ಬಂದವು. ಅಷ್ಟಕ್ಕೇ ನಿಂತಿದ್ದರೆ ನಾನು ತಮಗೆ ಊದುಬತ್ತಿ ಹಚ್ಚುತ್ತಿದ್ದೆ.

ಆದರೆ ನನ್ನ ಅಕ್ಕ ಭಾಗ್ಯಾಳ ಕುಬಸವಿತ್ತು. ಏಳನೆಯ ತಿಂಗಳು, ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುವ ದಿನ. ಅಕ್ಕನ ಅತ್ತೆ ಸಾಬವ್ವನವರು ಮೊಣಕಾಲು ನೋವಿನಿಂದ ಯಾದಗಿರಿ ಕಡೆಯ ಹಳ್ಳಿಯಿಂದ ಬರಲಾಗಲಿಲ್ಲ. ಅದೇ ಮೊಣಕಾಲಿನಲ್ಲಿ ಸಂತೆಯೆಲ್ಲ ಸುತ್ತಿ, ಗಿಣಿಯ ಹಸಿರಿನ ಸೀರೆ ಆರಿಸಿ, ಬಸ್ಸಿನಲ್ಲಿ ಕಳಿಸಿದ್ದರು. ನಾನು ಎಂದೂ ಇಲ್ಲದ ಧೈರ್ಯದಿಂದ ಎಲ್ಲರಿಗೂ ಮೊಬೈಲು ಒಳಗಿಡಿಸಿದೆ. ದೊಡ್ಡ ಕ್ಯಾಮೆರಾ ಇರುವಾಗ ಅವೇಕೆ ಎಂದೆ. ತಮ್ಮ ಕಾವಲು ಬರೀ ನಕ್ಷತ್ರಗಳಿಗೆ ಎಂದುಕೊಂಡಿದ್ದೆ; ಸೀರೆಗಳಿಗೂ ಅದು ಬೇಕೆಂದು ನನಗೆ ಹೊಳೆದಿರಲಿಲ್ಲ. ಕ್ಯಾಮೆರಾದ ಪರದೆಯ ಮೇಲೆ ಎಲ್ಲ ಕೆಂಪಾಗಿ ಕಂಡಾಗ ಪರದೆಯೇ ಕೆಟ್ಟಿದೆ ಎಂದುಕೊಂಡೆ. ನಾನು ಇನ್ನೊಮ್ಮೆ ಸರಿಯಾಗಿ ನೋಡುವ ಮೊದಲೇ ಅಕ್ಕನ ಗಂಡ ಚಿತ್ರಗಳನ್ನು ಊರಿಗೆ ಕಳಿಸಿಬಿಟ್ಟರು.

ಗಿಣಿ ಹಸಿರು ಇಟ್ಟಿಗೆಯಾಗಿತ್ತು. ಬಾಳೆಲೆ ಗುಲಾಬಿಯಾಗಿತ್ತು. ಎಂದೂ ನಾಚದ ನಮ್ಮ ಅವ್ವನೂ ನಾಚಿದಂತೆ ಕಂಡಳು.

ಮರುಕ್ಷಣವೇ ಸಾಬವ್ವನವರ ಫೋನು ಬಂತು. "ನಾ ಕಳಿಸಿದ್ದು ಹಸರ ಸೀರಿ. ನೀವು ಉಡಿಸಿದ್ದು ಯಾವ್ದು ಅದು, ಕಾವಿ ಬಣ್ಣದ್ದು? ನನ್ ಸೊಸಿಗಿ ಕುಬಸ ಮಾಡೀರೋ, ಸನ್ಯಾಸ ಕೊಟ್ಟೀರೋ?" ಕ್ಯಾಮೆರಾದ ತಪ್ಪೆಂದು ಅವ್ವ ಹೇಳಿದಳು. "ಹೌದ್ರಿ, ಬಾಳಿ ಎಲಿಗೂ ಬಣ್ಣ ಬಳದೀರಿ, ಭಾಳ ಖರ್ಚ ಮಾಡೀರಿ!" ಅಕ್ಕ ಅದೇ ಸೀರೆ ಮತ್ತೆ ಉಟ್ಟು ಮೊಬೈಲಿನಲ್ಲಿ ಚಿತ್ರ ತೆಗೆಸಿ ಕಳಿಸಿದಳು. "ಈಗ ಉಟ್ರ ಕುಬಸ ಆಗ್ತದೇನವ್ವಾ? ಫೋಟೋ ಇನ್ನ ನಂಬಂಗಿಲ್ಲ ನಾ. ತೊಟ್ಲಕ್ಕೂ ಬರಂಗಿಲ್ಲ." ಅಂದಿನಿಂದ ಅಕ್ಕ ಸರಿಯಾಗಿ ಉಣ್ಣುತ್ತಿಲ್ಲ. ಅತ್ತೆಯಿಲ್ಲದೆ ಕೂಸನ್ನು ತೊಟ್ಟಿಲಿಗೆ ಹಾಕುವುದಿಲ್ಲವೆಂದು ಕುಳಿತಿದ್ದಾಳೆ.

ಆದುದರಿಂದ ಮಾನ್ಯರೇ, ತಾವು ದಯಮಾಡಿ ಡಬ್ಬಿಯಿಂದೆದ್ದು, ನಡೆದೇ ಹೋಗಿ ಕ್ಯಾಮೆರಾದಲ್ಲಿ ಕುಳಿತು, ಒಳಗೆ ನುಗ್ಗಿದ ಕೆಂಪನ್ನೆಲ್ಲ ತಿರುಗಿ ಹೊರಗಟ್ಟಬೇಕು. ಕುಬಸದ ಹೊತ್ತನ್ನು ಮತ್ತೆ ಕರೆಸುವ ಅಧಿಕಾರ ತಮಗಿದ್ದರೆ ಇನ್ನೂ ಉತ್ತಮ. ಇಲ್ಲವಾದರೆ ಸಾಬವ್ವನವರ ಕನ್ನಡಕದಲ್ಲಿ ಒಂದು ವಾರ ಕೆಲಸಕ್ಕೆ ನಿಲ್ಲಬೇಕು. ತಮ್ಮಂಥ ಕಟ್ಟುನಿಟ್ಟಿನವರು ಅವರೆದುರು ಎಷ್ಟು ಹೊತ್ತು ನಿಲ್ಲುತ್ತೀರೆಂದು ನೋಡುವ ಆಸೆಯೂ ನನಗಿದೆ.

ತಪ್ಪು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮ್ಮ ವಿಶ್ವಾಸಿ,
ಶಿವಕಾಂತಾ

ತಾ.ಕ.: ತಾವು ಅವಸರ ಮಾಡಬೇಕಾಗಿಲ್ಲ. ಇಂದು ಬೆಳಿಗ್ಗೆ ಅವ್ವ ಆ ಸೀರೆಯನ್ನು ಒಗೆಯಲು ಬಕೆಟ್ಟಿನ ಮೇಲೆ ಹಿಡಿದಿದ್ದಳು; ನಾನು ಕಸಿದುಕೊಂಡೆ. ಮಡಿಲಿನ ಜಾಗದಲ್ಲಿ ಕುಬಸದ ದಿನದ ಉಡಿಯ ಅಕ್ಕಿ, ಕೊಬ್ಬರಿಯ ಅರಿಸಿನ ಹತ್ತಿ ಅಂಗೈಯಗಲ ಕಲೆಯಾಗಿದೆ, ಹಸಿರಿನ ಮೇಲೆ ಹಳದಿ. ಅದನ್ನು ಒಗೆಯದೆ ಮಡಚಿ, ಸಾಬವ್ವನವರ ಊರಿಗೆ ಹೊರಟಿದ್ದ ಪಕ್ಕದ ಮನೆಯ ಅವ್ವಣ್ಣ ಕಾಕಾನ ಚೀಲದಲ್ಲಿಟ್ಟು ಬಂದೆ. ತಮ್ಮಿಂದ ಆಗದ್ದನ್ನು ಒಂದು ಕಲೆ ಮಾಡುತ್ತದೆಂದು ನಂಬಿದ್ದೇನೆ. ತಾವು ಗುಂಡಿಗಳ ಜೊತೆ ಸುಖವಾಗಿರಿ.