ಮುಂದಿನ ವರ್ಷದ ಕಾರು

ಜಪಾನಿನ ಸಣ್ಣ ಕಾರನ್ನು ಕಟ್ಟಿದವರು ಜಪಾನಿನವರೇ ಇರಬಹುದು. ಆದರೆ ಅದನ್ನು ವರ್ಷ ವರ್ಷವೂ ತಿದ್ದಿ ತೀಡಿ, ಮನುಷ್ಯರು ಕೂಡುವಂತೆ ಮಾಡಿದವರು ಜೇವರ್ಗಿಯ ನಮ್ಮ ಭಾವ! ನಂಬುವುದಿಲ್ಲವೇ? ನಾನೂ ನಂಬಿರಲಿಲ್ಲ. ಭಾವ ನಂಬಿದ್ದರು. ಅವರೊಂದು ಮಾತು ನಂಬಿದರೆಂದರೆ ಉಳಿದವರು ನಂಬುವುದು, ಬಿಡುವುದು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ನಿಜಾಮರ ಕಾಲದ ಮಾತು. ಅವರಿಗೆ ಜೇವರ್ಗಿಯಲ್ಲಿ ಹತ್ತಿ, ತೊಗರಿಯ ವ್ಯಾಪಾರವಿತ್ತು. ನಾನು ಮತ್ತು ಅವ್ವ ಅಫಜಲಪುರದ ಆಚೆ ಮಣ್ಣೂರಿನಲ್ಲಿ, ಭೀಮೆಯ ದಂಡೆಗೆ ಹೊಲ ಮಾಡಿಕೊಂಡಿದ್ದೆವು. ಎರಡೂ ಊರಿನ ನಡುವೆ ಒಂದು ಹೊಳೆ, ಲೆಕ್ಕವಿಲ್ಲದಷ್ಟು ಹಳ್ಳ, ಮತ್ತು ಚಕ್ಕಡಿಯ ಗಾಲಿಯನ್ನು ಹಿಡಿದುಕೊಂಡರೆ ಬಿಡದ ಕರೀ ಮಣ್ಣು.

ಮದುವೆಯಾದ ಹೊಸತರಲ್ಲಿ ಅಕ್ಕ ತವರಿಗೆ ಹೊರಟಾಗ ಕೊಳಕೂರಿನ ಹತ್ತಿರ ಹಳ್ಳದಲ್ಲಿ ಚಕ್ಕಡಿ ಮಗುಚಿ ಬಿತ್ತು. ಅಕ್ಕನ ಸೊಂಟಕ್ಕೆ ಜೋರು ಪೆಟ್ಟಾಯಿತು. ತಿಂಗಳುಗಟ್ಟಲೆ ಎಣ್ಣೆ, ಪಟ್ಟಿ, ಕಾವು ಎಲ್ಲ ನಡೆದು ಎದ್ದು ಓಡಾಡುವಂತಾದಳು. ಹಕೀಮರು ಒಂದೇ ಷರತ್ತು ಹಾಕಿದರು: “ಇನ್ನ ಮ್ಯಾಲ ಕುಲುಕಾಡೂ ಗಾಡ್ಯಾಗ ಕೂಡೂದು ಬಿಲ್ಕುಲ್ ಬಂದ್.”

“ಬಸ್ಸಿನ್ಯಾಗ?” ಎಂದು ಭಾವ ಕೇಳಿದರು.

“ಬಸ್ಸಂದ್ರೇನ್ರಿ ಸಾವಕಾರ್ರ, ಕಬ್ಬಿಣದ ಚಕ್ಕಡಿ!”

ಹೀಗೆ ಅಕ್ಕನಿಗೆ ತವರಿನ ದಾರಿ ಮುಚ್ಚಿತು. ಅವ್ವನೇ ಒಂದೆರಡು ಸಲ ಜೇವರ್ಗಿಗೆ ಹೋಗಿ ಬಂದಳು. ಆಮೇಲೆ ಅವಳ ಮೊಣಕಾಲು ಕೈಕೊಟ್ಟವು. ತಾಯಿ ಮಗಳು ನನ್ನ ಬಾಯಿಂದಲೇ ಒಬ್ಬರ ಸುದ್ದಿ ಒಬ್ಬರು ಕೇಳುವ ಹಾಗಾಯಿತು. ಇಂಥ ದುಃಖ ಬೇರೆಯವರಿಗೆ ಅಳುವಾಗಿ ಬರುತ್ತದೆ. ನಮ್ಮ ಭಾವನಿಗೆ ಅದು ಕುತೂಹಲವಾಗಿ ಬಂತು. ಈ ಭೂಮಿಯ ಮೇಲೆ ಎಲ್ಲಕ್ಕಿಂತ ಕಡಿಮೆ ಕುಲುಕುವ ಗಾಡಿ ಯಾವುದು? ಕಂಡ ಕಂಡವರನ್ನು ಕೇಳತೊಡಗಿದರು.

ಆ ಚಳಿಗಾಲ ಹತ್ತಿ ಮಾರಲು ನಾವಿಬ್ಬರೂ ಸೋಲಾಪುರಕ್ಕೆ ಹೋದಾಗ ಅಲ್ಲಿಯ ಮೋಟಾರು ಅಂಗಡಿಯಲ್ಲಿ ಜಪಾನಿನ ಆ ಸಣ್ಣ ಕಾರು ನಿಂತಿತ್ತು. ಮುಂಬಯಿಯಲ್ಲಿ ಹಡಗಿನಿಂದ ಇಳಿದು ಆಗಷ್ಟೇ ಬಂದಿದ್ದಂತೆ. ವಿಲಾಯತಿಯ ದೊಡ್ಡ ಕಾರುಗಳ ನಡುವೆ ಅದು ಎಮ್ಮೆಗಳ ಗುಂಪಿನಲ್ಲಿ ಸಿಕ್ಕಿಕೊಂಡ ಕರುವಿನಂತೆ ಕಾಣುತ್ತಿತ್ತು. ಭಾವ ಅದರ ಸುತ್ತ ಸುತ್ತಿದರು. ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು. ಕಿವಿಗೊಟ್ಟು ಕೇಳಿದರು. ನಿಂತ ಕಾರಿನಲ್ಲಿ ಏನು ಕೇಳಿಸುತ್ತದೋ, ಆ ಶಿವನೇ ಬಲ್ಲ! ಕೊನೆಗೆ ಹಿಂದಿನ ಸೀಟಿನಲ್ಲಿ, ಥೇಟ್ ನಮ್ಮ ಅಕ್ಕನ ಹಾಗೆ ಒಂದು ಕೈ ಸೊಂಟಕ್ಕೆ ಕೊಟ್ಟು ಕುಳಿತು, “ಗಿರಣಿ ಕಡೆ ರಸ್ತಾ ಕೆಟ್ಟದಲ್ಲ, ಅಲ್ಲಿ ಹೊಡೀರಿ” ಎಂದರು.

ಅಂಗಡಿಯ ಏಜೆಂಟರೇ ಕಾರು ನಡೆಸಿದರು. ಮೊದಲನೆಯ ತಗ್ಗು ಬಂತು.

“ಅಯ್ಯಯ್ಯೋ, ನನ್ನ ನಡಾ!” ಎಂದು ಭಾವ ಕಿರುಚಿದ ಹೊಡೆತಕ್ಕೆ ಏಜೆಂಟರು ಗಾಡಿ ನಿಲ್ಲಿಸಿ ಇಳಿದೇಬಿಟ್ಟರು. ಡಾಕ್ಟರನ್ನು ಕರೆಯಲು ಯಾರನ್ನೋ ಓಡಿಸುವಷ್ಟರಲ್ಲಿ ಭಾವ ಶಾಂತವಾಗಿ ರುಮಾಲು ಸರಿಮಾಡಿಕೊಂಡರು.

“ನನಗೇನಾಗಿಲ್ರಿ. ಅದು ನನ್ನ ಹೆಂಡ್ತಿ ಚೀರಿದ್ದು.”

ಆಮೇಲೆ ದೂರುಗಳು ಶುರುವಾದವು. ಮೈಗೆ ಕಟ್ಟಿಗೆಯ ಚೌಕಟ್ಟು, ಕಿರ್ ಕಿರ್ ಅನ್ನುತ್ತದೆ. ಮೇಲೆ ಬರೀ ಕ್ಯಾನ್‌ವಾಸಿನ ಹೊದಿಕೆ, ಧೂಳು ಒಳಗೆ ಬರುತ್ತದೆ. ಸ್ಪ್ರಿಂಗು ಬಿರುಸು. “ಇಷ್ಟೂ ಜಪಾನಿಗೆ ತಿಳಸ್ರಿ,” ಎಂದು ಅಪ್ಪಣೆ ಮಾಡಿದರು. “ತಿಳಸ್ತೇನ್ರಿ ಸಾವಕಾರ್ರ,” ಎಂದು ಏಜೆಂಟರು ಬೆವರು ಒರೆಸಿಕೊಂಡರು. ತಿಳಿಸಿದರೇ? ಎಲ್ಲಿಯ ಮಾತು!

ಊರಿಗೆ ತಿರುಗಿ ಬರುವಾಗ ನಿಜಾಮರ ಸರಹದ್ದಿನಲ್ಲಿ ಕರೋಡಗಿರಿ ನಾಕೆ ಇತ್ತು. ಹೊರಗಿನ ಮಾಲಿಗೆ ಸುಂಕ ವಸೂಲಿ ಮಾಡುವ ಜಾಗ. ಅಲ್ಲಿಯ ಜವಾನ ಭಾವನ ಚೀಲ ತಡಕಿದರೆ ಸಿಕ್ಕಿದ್ದು ಏಜೆಂಟರು ಕೊಟ್ಟ ಕಾರಿನ ಬಣ್ಣದ ಚಿತ್ರವೊಂದೇ.

“ಗಾಡಿ ಕಹಾಂ ಹೈ?”

“ಮುಂದಿನ ವರ್ಷ ಬರ್ತದ್ರಿ.”

ಮನೆಯಲ್ಲಿ ಅಕ್ಕನಿಗೂ ಅದೇ ಉತ್ತರ ಸಿಕ್ಕಿತು. “ಈ ವರ್ಷದ್ದು ಬ್ಯಾಡ ಬೇ, ನಿನ್ನ ನಡಕ್ಕ ತಡಿಯಂಗಿಲ್ಲ. ನಾ ಎಲ್ಲಾ ಹೇಳಿ ಬಂದೇನಿ. ಮುಂದಿನ ವರ್ಷ ಬರ್ತದ ನೋಡು, ಹೂವಿನಂಥಾದ್ದು!”

“ಆತು, ಬರ್ಲಿ,” ಎಂದಳು ಅಕ್ಕ.

ಮರುವರ್ಷ ಹೋಗಿ ನೋಡಿದರೆ ಏನು ಹೇಳಲಿ! ಕಟ್ಟಿಗೆ ಹೋಗಿ ಉಕ್ಕಿನ ತಗಡಿನ ಮೈ ಬಂದಿತ್ತು. ಮೇಲೆ ಗಟ್ಟಿ ಛಾವಣಿ, ಬಾಗಿಲಿಗೆ ಗಾಜು. ಭಾವ ನನ್ನ ಬೆನ್ನ ಮೇಲೆ ಗುದ್ದಿದರು. “ನೋಡ್ದೀ? ಕೇಳ್ಯಾರ!”

“ಭಾವಾ, ಅವರು ತಮ್ಮಷ್ಟಕ್ಕ ತಾವು ಮಾಡಿರಬೇಕ್ರಿ.”

“ತಮ್ಮಷ್ಟಕ್ಕ ಮಾಡಾಕ ಜೇವರ್ಗಿ ಧೂಳು ಅವರ ಕನಸಿನ್ಯಾಗ ಬಂದಿತ್ತೇನು?”

ಇದಕ್ಕೇನು ಹೇಳುತ್ತೀರಿ? ಕಾರು ತಕ್ಕೊಳ್ಳಿ ಎಂದರೆ, ತಮ್ಮ ಮಾತು ಇಷ್ಟು ಕೇಳುವ ಜನ ಸ್ಪ್ರಿಂಗಿನ ಮಾತನ್ನೂ ಕೇಳದೆ ಬಿಡುತ್ತಾರೆಯೇ, ಇನ್ನೊಂದು ವರ್ಷ ತಡೆಯೋಣ ಎಂದರು. ಆ ಸಲದ ದೂರಿನ ಜೊತೆಗೆ, ಕಾರಿಗೆ ಮುಖದಲ್ಲಿ ಕಳೆಯಿಲ್ಲ ಎಂದೂ ಸೇರಿಸಿದರು. ಮುಂದಿನ ವರ್ಷ ಕಾರಿನ ಮೂತಿ ಚೂಪಾಗಿ, ಜಾಲರಿ ಹೊಳೆಯುತ್ತ, ಅದರ ತುದಿಯಲ್ಲಿ ಬೆಳ್ಳಿಯಂಥ ಒಂದು ಮೊಲ ಜಿಗಿಯುತ್ತಿತ್ತು!

ಭಾವನಿಗೆ ಸಿಟ್ಟೇ ಬಂತು. “ಮೊಲ ಯಾರು ಕೇಳಿದ್ರು? ನಾ ಮೊಲದ ಮಾತೇ ಎತ್ತಿಲ್ಲ!”

ಏಜೆಂಟರಿಗೆ ಅಷ್ಟು ಹೊತ್ತಿಗೆ ಭಾವನ ರೀತಿ ಪೂರ್ತಿ ತಿಳಿದಿತ್ತು. “ಅದು ನಿಮಗ ಬಕ್ಷೀಸು ಅಂತ ಹಚ್ಚ್ಯಾರ್ರಿ,” ಎಂದುಬಿಟ್ಟರು. ಭಾವ ತಣ್ಣಗಾದರು. ಊರಿಗೆ ಬಂದು ಎಂಟು ದಿನ ಅದೇ ಮಾತು. ಅಕ್ಕ ಮಾತ್ರ ರೊಟ್ಟಿ ಬಡಿಯುತ್ತಲೇ, “ಮೊಲ ಬಂತು. ಗಾಡಿ ಎಂದು ಬರ್ತದ್ರಿ?” ಎಂದಳು.

ರೊಟ್ಟಿಯ ಮಾತು ಬಂದಾಗ ಇದನ್ನು ಹೇಳದೆ ಬಿಟ್ಟರೆ ಹೇಗೆ? ಇನ್ನೊಂದು ವರ್ಷ ಏಜೆಂಟರು ಹೊಸ ಸುದ್ದಿ ಹೇಳಿದರು. ಜಪಾನಿನ ಆ ಕಾರಖಾನೆಯಲ್ಲಿ ಈಗ ಕಾರೇ ಕೆಲಸಗಾರರ ಮುಂದೆ ಸರಿಯುತ್ತ ಹೋಗುತ್ತದಂತೆ. ಒಬ್ಬ ಗಾಲಿ ಹಾಕಿದರೆ ಮುಂದಿನವನು ಬಾಗಿಲು, ಅವನ ಮುಂದಿನವನು ದೀಪ. ಸಾಲಿನ ಈ ತುದಿಯಲ್ಲಿ ಬರೀ ಅಸ್ಥಿಪಂಜರ, ಆ ತುದಿಯಲ್ಲಿ ಓಡುವ ಕಾರು! ಭಾವನಿಗೆ ರೈಲಿನಲ್ಲಿ ಕೂಡಲಿಕ್ಕೂ ಆಗಲಿಲ್ಲ. ಮನೆಗೆ ಬಂದವರೇ ಹೆಂಗಸರನ್ನೆಲ್ಲ ಅಡುಗೆಮನೆಯಿಂದ ಪಡಸಾಲೆಯವರೆಗೆ ಸಾಲಾಗಿ ಕೂಡಿಸಿದರು. ಒಬ್ಬಳು ಹಿಟ್ಟು ನಾದಬೇಕು, ಒಬ್ಬಳು ಉಂಡೆ ಕಟ್ಟಬೇಕು, ಅಕ್ಕ ಬಡಿಯಬೇಕು, ಭಾವನ ತಾಯಿ ಬೇಯಿಸಬೇಕು. ತಾವು ನಡುವೆ ನಿಂತು “ಜಲ್ದಿ! ಜಲ್ದಿ!” ಅನ್ನಬೇಕು.

ನಾದುವವಳದು ಕೈ ಚುರುಕು. ಬಡಿಯುವ ಕೆಲಸ ಹಾಗೆ ಚುರುಕಾಗುತ್ತದೆಯೇ? ಅಕ್ಕನ ಮುಂದೆ ಹಿಟ್ಟಿನ ಉಂಡೆಗಳು ಗುಡ್ಡದಂತೆ ಬಿದ್ದವು. ಅತ್ತ ಹಂಚು ಖಾಲಿ ಕಾದು ಹೊಗೆಯೆದ್ದಿತು. ಅಕ್ಕನ ಅತ್ತೆಯವರು ಕೆಮ್ಮುತ್ತ ಹೊರಗೆ ಓಡಿದರು. ಅಕ್ಕ ಕೈಯ ಹಿಟ್ಟು ಕೊಡವಿ ಎದ್ದು ನಿಂತಳು.

“ಜಪಾನಿನ್ಯಾಗ ರೊಟ್ಟಿ ಬಡೀತಾರೇನ್ರಿ?”

“ಇಲ್ಲ ಬೇ, ಅವರು ಅನ್ನ ಉಣ್ತಾರಂತ.”

“ಹಂಗಾದ್ರ ಅವರ ಸಾಲು ಅವರಿಗೇ ಇರ್ಲಿ. ನೀವು ಹೊರಗ ನಡೀರಿ!”

ಅಂದು ಮಧ್ಯಾಹ್ನ ನಾವೆಲ್ಲ ಅವಲಕ್ಕಿ ತಿಂದೆವು.

ಹೀಗೇ ವರ್ಷಗಳು ಹೋದವು. ಇಂಜಿನ್ನಿನ ಶಕ್ತಿ ಹೆಚ್ಚಾಯಿತು. ಸೀಟು ಮೆತ್ತಗಾಯಿತು. ಭಾವನ ಅಂಗಡಿಯ ಗೋಡೆಯ ಮೇಲೆ ಚಿತ್ರಗಳ ಸಾಲು ಉದ್ದವಾಯಿತು. ನಾಕೆಯ ಜವಾನ ನಮ್ಮನ್ನು ಕಂಡ ಕೂಡಲೇ, “ಈ ಸಲಾನೂ ಇಲ್ಲೇನು ಸಾವಕಾರ್?” ಎಂದು ಚೀಲ ಬಿಚ್ಚದೆಯೇ ಬಿಡುತ್ತಿದ್ದ. ಪ್ರತಿ ವರ್ಷವೂ ಕಾರು ಮೊದಲಿಗಿಂತ ಚೆನ್ನಾಗಿರುತ್ತಿತ್ತು. ಅದೇ ನೋಡಿ ತೊಂದರೆ! ಚೆನ್ನಾಗುತ್ತ ಹೋಗುವುದನ್ನು ಕೊಳ್ಳುವುದಾದರೂ ಯಾವಾಗ?

ಒಂದು ಚಳಿಗಾಲ ಅಂಗಡಿಯಲ್ಲಿ ಹೊಸ ಕಾರೇ ಇರಲಿಲ್ಲ. “ಅವರ ಕಡೆ ಲಡಾಯಿ ಸುರು ಆಗ್ಯಾದ್ರಿ,” ಎಂದರು ಏಜೆಂಟರು. “ಈಗ ಬರೇ ಲಾರಿ ಮಾಡಾಕತ್ಯಾರಂತ, ಫೌಜಿಗೆ. ಕಾರು ಬಂದ್.”

ಭಾವ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. “ಲಾರೀನಾ?” ಎಂದರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು, “ಲಾರಿಗೆ ಸ್ಪ್ರಿಂಗ್ ಹ್ಯಾಂಗಿರ್ತದ ಗೊತ್ತದೇನ್ರಿ?” ಎಂದರು. ಆ ವರ್ಷ ಯಾವ ದೂರೂ ಹೇಳಲಿಲ್ಲ.

ಮುಂದೆ ಲಡಾಯಿ ಜಗತ್ತಿಗೆಲ್ಲ ಹಬ್ಬಿತು. ಜಪಾನು ನಮ್ಮ ಸರಕಾರಕ್ಕೆ ವೈರಿಯಾಯಿತು. ಗೋಡೆಯ ಮೇಲೆ ಜಪಾನಿನ ಚಿತ್ರಗಳನ್ನು ಅಂಟಿಸಿಕೊಂಡ ಸಾವಕಾರ ಒಬ್ಬನಿದ್ದಾನೆಂದು ಯಾರೋ ಕಿವಿ ಕಚ್ಚಿರಬೇಕು. ಪೊಲೀಸ್ ಅಮೀನಸಾಹೇಬರು ಅಂಗಡಿಗೆ ಬಂದರು. ನಾನು ಅಲ್ಲಿಯೇ ಇದ್ದೆ.

“ಯೇ ಸಬ್ ಕ್ಯಾ ಹೈ, ಸಾವಕಾರ್?”

ಭಾವನ ಮುಖ ಅರಳಿತು! ಇಷ್ಟು ವರ್ಷಗಳಲ್ಲಿ ತಾನಾಗಿ ಕೇಳಿದ ಮೊದಲ ಮನುಷ್ಯ! ಅಮೀನಸಾಹೇಬರ ಕೈ ಹಿಡಿದು ಮೊದಲನೆಯ ಚಿತ್ರದ ಮುಂದೆ ನಿಲ್ಲಿಸಿದರು. ಕಟ್ಟಿಗೆಯ ಚೌಕಟ್ಟಿನಿಂದ ಶುರುವಾಯಿತು. ಚಹಾ ಬಂತು, ಹೋಯಿತು. ಮತ್ತೆ ಬಂತು. ಜೊತೆಗಿದ್ದ ಸಿಪಾಯಿ ಹತ್ತಿಯ ಅಂಡಿಗೆಯ ಮೇಲೆ ಗೊರಕೆ ಹೊಡೆದ. ಮೊಲ ಮುಗಿದು ಬ್ರೇಕಿನ ಅಧ್ಯಾಯ ಬಂದಾಗ ಅಮೀನಸಾಹೇಬರು ಕೈ ಮುಗಿದರು. “ಬಸ್, ಸಾವಕಾರ್, ಬಸ್! ಆಪ್ ಬೇಕಸೂರ್ ಹೈಂ!” ಭಾವ ನಿರಪರಾಧಿ ಎಂದು ಅಲ್ಲಿಯೇ ತೀರ್ಪಾಯಿತು. ಹೊಸ್ತಿಲಲ್ಲಿ ನನ್ನ ಕಿವಿಯಲ್ಲಿ ಹೇಳಿದರು: “ಇವರನ್ನ ಜಪಾನಿಗೆ ಕಳಸ್ರಿ. ಎಂಟು ದಿನದಾಗ ಲಡಾಯಿ ಖತಮ್ ಆಗ್ತದ.”

ನಾವು ನಕ್ಕಿದ್ದು ಅದೇ ಕೊನೆ. ಆ ಬೇಸಿಗೆಯಲ್ಲಿ ಅವ್ವ ಹಿತ್ತಲಿನಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದಳು. ಅನ್ನ ಸೇರುತ್ತಿರಲಿಲ್ಲ. ನೀರು ಕುಡಿಸಲು ಹೋದರೆ, “ಆಕೀಗಿ ಒಮ್ಮಿ ಕರ್ಕೊಂಡು ಬಾ” ಎನ್ನುವಳು. ನಾನು ಜೇವರ್ಗಿಗೆ ಬಂದು ಹೇಳಿದೆ. ಅಕ್ಕ ಅಳಲಿಲ್ಲ. ಒಳಗೆ ಹೋಗಿ ಸೀರೆ ಮಡಿಸಿ ಗಂಟು ಕಟ್ಟಿ ತಂದಳು.

“ಚಕ್ಕಡಿ ಕಟ್ಟು. ನಡ ಮುರದ್ರ ಮುರೀಲಿ.”

ಭಾವ ಅವಳ ಕೈಯಿಂದ ಗಂಟು ತಕ್ಕೊಂಡರು. “ನಾ ಬರೂತನಕ ತಡಿ,” ಎಂದಷ್ಟೇ ಹೇಳಿ, ನನ್ನನ್ನೂ ಎಳೆದುಕೊಂಡು ಸೋಲಾಪುರಕ್ಕೆ ಹೊರಟರು.

ಏಜೆಂಟರ ಹತ್ತಿರ ಉಳಿದಿದ್ದು ಅವರು ತಾವೇ ಓಡಿಸುತ್ತಿದ್ದ ಮೊಲದ ಮೂತಿಯ ಹಳೆಯ ಕಾರು. ಪೆಟ್ರೋಲು ಸಿಗದ್ದಕ್ಕೆ ಹಿಂದೆ ಒಂದು ದೊಡ್ಡ ಡಬ್ಬಿ ಕೂಡಿಸಿ, ಇದ್ದಿಲು ಉರಿಸಿ ಅದರ ಗ್ಯಾಸಿನಿಂದ ನಡೆಸುತ್ತಿದ್ದರು.

“ಸಾವಕಾರ್ರ, ಸ್ಪ್ರಿಂಗ್ ನೋಡಂಗಿಲ್ಲೇನ್ರಿ?”

“ಬ್ಯಾಡ್ರಿ. ರೊಕ್ಕ ಎಣಸ್ಕೋರಿ, ಡ್ರೈವರನ್ನ ಜೋಡಿ ಕಳಸ್ರಿ.”

ನಾಕೆಯ ಜವಾನ ನಮ್ಮನ್ನು ಕಂಡು ಕುರ್ಚಿಯಿಂದ ಎದ್ದೇ ನಿಂತ! ಸುಂಕದ ಕೆಲಸ ಮುಗಿಸಿ ತಾನೇ ಬಂದು ಕಾರಿನ ಬಾಗಿಲು ಹಾಕಿದ.

ಜೇವರ್ಗಿಯಲ್ಲಿ ಭಾವ ಹಿಂದಿನ ಸೀಟಿನ ಮೇಲೆ ಹಿಂಜಿದ ಹತ್ತಿಯನ್ನು ಮೊಣಕಾಲೆತ್ತರ ತುಂಬಿಸಿದರು. ಅದರ ನಡುವೆ ಅಕ್ಕನನ್ನು ಕೂಡಿಸಿದರು. ಹೊಗೆ ಬಿಡುತ್ತ ಕಾರು ಹೊರಟಿತು. ಮೊದಲನೆಯ ತಗ್ಗು ಬಂದಾಗ ಭಾವ ಕಣ್ಣು ಮುಚ್ಚಿಕೊಂಡರು. ಕಾರು ಇಳಿಯಿತು, ಏರಿತು. ಯಾರೂ ಚೀರಲಿಲ್ಲ.

“ನಡಾ?” ಎಂದು ಭಾವ ಹೊರಳಿ ನೋಡಿದರು.

“ಏನೂ ಆಗಿಲ್ರಿ.”

ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕೇಳಿದಳು: “ಈ ಗಾಡಿ ಸೋಲಾಪುರಕ್ಕ ಬಂದು ಎಷ್ಟು ವರ್ಷಾತ್ರಿ?”

ಭಾವ ರಸ್ತೆಯನ್ನೇ ನೋಡುತ್ತಿದ್ದರು. “ಭಾಳ ಆತು,” ಎಂದರು.

ಅಕ್ಕ ಕಿಟಕಿಯ ಕಡೆ ಹೊರಳಿದಳು. ಹೊಳೆಯಲ್ಲಿ ಎರಡು ದೋಣಿ ಜೋಡಿಸಿ ಹಲಗೆ ಹಾಸಿ ಕಾರನ್ನು ದಾಟಿಸುವಾಗ ಭಾವ ಗಾಲಿಯ ಬದಿಗೇ ನಿಂತಿದ್ದರು. ಸಂಜೆಗೆ ಮಣ್ಣೂರು ಬಂತು. ಅಕ್ಕ ಹಾಸಿಗೆಯ ಬದಿಗೆ ಕುಳಿತಾಗ ಅವ್ವ ಅವಳ ಮುಖವನ್ನು ಎರಡೂ ಕೈಯಿಂದ ಸವರಿ ಸವರಿ ನೋಡಿದಳು. ಆ ಹೊತ್ತು ಅವ್ವ ಅರ್ಧ ರೊಟ್ಟಿ ತಿಂದಳು.

ಮರುದಿನ ಮುಂಜಾನೆ ಅವ್ವನ ಹಟ ಶುರುವಾಯಿತು. “ನನಗೂ ಆ ಗಾಡ್ಯಾಗ ಕೂಡಸ್ರೋ. ಹೊಳಿ ನೋಡಿ ಬರೋಣು.” ಹೊತ್ತುಕೊಂಡು ಹೋಗಿ ಅಕ್ಕನ ಪಕ್ಕದಲ್ಲಿ, ಹತ್ತಿಯೊಳಗೆ ಕೂಡಿಸಿದೆವು. ಭೀಮೆಯ ದಂಡೆಯವರೆಗೆ ಹೋದೆವು. ಅವ್ವ ಕಿಟಕಿಯಿಂದ ಕೈ ಹೊರಗೆ ಚಾಚಿ ಗಾಳಿ ಹಿಡಿದಳು. ಎದುರು ಬಂದವರನ್ನೆಲ್ಲ ಹೆಸರು ಹಿಡಿದು ಕರೆದಳು.

ಬರುವಾಗ ಅರ್ಧ ದಾರಿಯಲ್ಲಿ ಕಾರು ಕೆಮ್ಮಿ ನಿಂತಿತು. ಇದ್ದಿಲು ತೀರಿತ್ತು. ಡ್ರೈವರು ಇದ್ದಿಲು ತರಲು ಊರಿಗೆ ಹೋಗುವೆನೆಂದ. ಬಿಸಿಲು ಏರುತ್ತಿತ್ತು. ನಾನು ಪಕ್ಕದ ಹೊಲದಿಂದ ನಮ್ಮ ಎತ್ತುಗಳನ್ನು ಹೊಡೆದುಕೊಂಡು ಬಂದು ಹಗ್ಗ ಬಿಗಿದೆ.

“ಇಳೀರಿ ಅತ್ತಿ, ನಾವು ಹೊತ್ಕೊಂಡು ಹೋಗ್ತೇವಿ,” ಎಂದರು ಭಾವ. ಅವರ ದನಿ ಸಣ್ಣದಾಗಿತ್ತು. “ಈ ಗಾಡಿ ಭಾಳ ಹಳೀದು.”

“ನಾ ಇಳಿಯಂಗಿಲ್ಲಪಾ,” ಎಂದಳು ಅವ್ವ. “ಬಾಜೂಕ ಮಗಳು ಕುಂತಾಳ. ನಂಗ್ಯಾತರ ಅವಸರ?”

ಡ್ರೈವರು ಸ್ಟೇರಿಂಗು ಹಿಡಿದ, ಎತ್ತುಗಳು ಕಾರನ್ನು ಎಳೆಯತೊಡಗಿದವು. ಒಳಗೆ ಅವ್ವ ಅಕ್ಕನ ಹೆಗಲಿಗೆ ತಲೆಯಿಟ್ಟು ನಿದ್ದೆ ಹೋದಳು. ಅಕ್ಕ ಅಲುಗಾಡದೆ ಕುಳಿತಿದ್ದಳು. ನಾನು ಎತ್ತಿನ ಹಗ್ಗ ಹಿಡಿದು ನಡೆದೆ. ಭಾವ ನಮಗಿಂತ ಮುಂದೆ, ಬಿಸಿಲಿನಲ್ಲಿ, ಧೋತರದ ಅಂಚು ಮೇಲಕ್ಕೆ ಸಿಕ್ಕಿಸಿಕೊಂಡು ನಡೆಯುತ್ತಿದ್ದರು. ಗಾಲಿ ಬರುವ ಜಾಡಿನಲ್ಲಿ ಕಲ್ಲು ಕಂಡಾಗಲೆಲ್ಲ ಬಗ್ಗಿ, ಎತ್ತಿ, ಬದಿಗೆ ಇಡುತ್ತಿದ್ದರು.