ಟ್ಯೂಬಿನಲ್ಲಿ ಪಾನಕ

ತಿರುಮಲೇಶನಿಗೆ ಆ ಭಾನುವಾರ ಬಂದ ಕಷ್ಟಕ್ಕೆಲ್ಲ ಮೂಲ ಅವನ ಬಾಯಾರಿಕೆ.

ಮೈಸೂರಿನಿಂದ ಮುಂಬಯಿಗೆ ಗುಮಾಸ್ತೆಯಾಗಿ ಬಂದು ಗೋರೆಗಾಂವದ ಚಾಳಿನಲ್ಲಿ ಸಂಸಾರ ಹೂಡಿದ ಮೇಲೆ ಅವನಿಗೆ ಅಂಟಿದ ಚಟ ಒಂದೇ, ಸೈಕಲ್ಲು. ವಾರವಿಡೀ ಲೋಕಲ್ ಗಾಡಿಯ ನೂಕಾಟಕ್ಕೆ ಹೆದರಿ, ದಾದರಿನ ಕಚೇರಿಯಲ್ಲಿ ಮೇಲಧಿಕಾರಿಗೆ ಹೆದರಿ, ಸಂಜೆ ಬೀದಿನಾಯಿಗಳಿಗೆ ಹೆದರಿ ಮನೆ ಸೇರುತ್ತಿದ್ದ ಅವನು ಭಾನುವಾರ ಬೆಳಿಗ್ಗೆ ಮಾತ್ರ ಸೈಕಲ್ಲೇರಿ ಆರೆ ಕಾಲೋನಿಯ ರಸ್ತೆ ಹಿಡಿಯುತ್ತಿದ್ದ. ಅಲ್ಲೂ ಹೆದರಿಕೆ ತಪ್ಪಿದ್ದಲ್ಲ. ಆದರೆ ಅಲ್ಲಿ ಒಂದೊಂದು ಹೆದರಿಕೆಗೂ ಒಂದೊಂದು ಸಾಮಾನಿತ್ತು. ಎಮ್ಮೆಗಳಿಗೆಂದು ಜಾಗಟೆಯಂಥ ಗಂಟೆ, ಹಿಂದಿನಿಂದ ಬರುವ ಲಾರಿಗೆಂದು ಕನ್ನಡಿ, ಪೊಲೀಸರಿಗೆಂದು ದೀಪ, ಪ್ಯಾಂಟು ನುಂಗುವ ಚೈನಿಗೆಂದು ಕಾಲಿಗೆ ಕ್ಲಿಪ್ಪು. ಬೈಕುಲ್ಲಾದ ಹಳೇ ಅಂಗಡಿಯೊಂದರಲ್ಲಿ ಕೊಂಡ ಆ ಸೈಕಲ್ಲು ಈಗ ಮದುವೆಗೆ ಹೊರಟ ಹುಡುಗಿಯ ಹಾಗೆ ಮೈತುಂಬ ಒಡವೆ ತೊಟ್ಟುಕೊಂಡಿತ್ತು.

ಬಾಯಾರಿಕೆಗೊಂದು ಸಾಮಾನು ಮಾತ್ರ ಇರಲಿಲ್ಲ. ಹಿಂದಿನ ಭಾನುವಾರ ಕ್ಯಾರಿಯರಿಗೆ ಕಟ್ಟಿದ್ದ ಗಾಜಿನ ಸೀಸೆ ವಿಹಾರ ಕೆರೆಯ ಕಲ್ಲುದಾರಿಯಲ್ಲಿ ಕುಲುಕಿ ಒಡೆದುಹೋಯಿತು. ನಾಲಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡು, ಮನೆಗೆ ಬಂದವನೇ ಹಂಡೆಯ ಮುಂದೆ ಕೂತುಬಿಟ್ಟಿದ್ದ.

ಆಗ ಅವನ ಕಣ್ಣಿಗೆ ಬಿದ್ದದ್ದು ಟ್ಯೂಬು. ಬೆಳಗಿನ ಹೊತ್ತು ಸ್ಟೇಷನ್ನಿನ ಕಡೆ ಸೈಕಲ್ಲಿನಲ್ಲಿ ಹೋಗುವ ಕೆಲವರು ಹೆಗಲಿಗೆ ಸೈಕಲ್ ಚಕ್ರದ ಉಬ್ಬಿದ ರಬ್ಬರು ಟ್ಯೂಬೊಂದನ್ನು ಹಾಕಿಕೊಂಡಿರುತ್ತಿದ್ದರು. ಅದು ಗಾಳಿಗೆ ಉಬ್ಬಿದ್ದಲ್ಲ, ಒಳಗೆ ಏನೋ ಕುಲುಕುಲು ಎನ್ನುತ್ತಿತ್ತು. ಒಬ್ಬನನ್ನು ನಿಲ್ಲಿಸಿ "ಇಸ್ಮೆ ಕ್ಯಾ ಹೈ ಭಾಯಿ?" ಎಂದು ಕೇಳಿಯೂಬಿಟ್ಟ. ಅವನು ಇವನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ಪಾನಿ ಹೈ ಸೇಠ್", ಬರೀ ನೀರು ಎಂದು ಹೇಳಿ ಕಾಣದಾದ.

ಮುಂಬಯಿಯಲ್ಲಿ ಪಾನನಿರೋಧ ಬಿಗಿಯಾಗಿದ್ದ ಕಾಲ ಅದು. ಆ ಟ್ಯೂಬುಗಳಲ್ಲಿ ಊರೂರಿಗೆ ಹೋಗುತ್ತಿದ್ದುದು ಕಳ್ಳಭಟ್ಟಿ ಸಾರಾಯಿ ಎಂದು ಗೋರೆಗಾಂವದ ತೊಟ್ಟಿಲ ಕೂಸಿಗೂ ಗೊತ್ತಿತ್ತು. ತಿರುಮಲೇಶನಿಗೆ ಗೊತ್ತಿರಲಿಲ್ಲ. "ನೋಡು ಅಲಮೇಲು, ಈ ಮುಂಬಯಿಯವರ ಬುದ್ಧಿ! ಒಡೆಯೋ ಹಾಗಿಲ್ಲ, ಚೆಲ್ಲೋ ಹಾಗಿಲ್ಲ, ಕೈಗೆ ಭಾರವಿಲ್ಲ" ಎಂದು ಹೆಂಡತಿಯ ಮುಂದೆ ಹೊಗಳಿದ್ದೇ ಹೊಗಳಿದ್ದು.

ಅಲಮೇಲು ಹೊಸ ಟ್ಯೂಬನ್ನು ಹುಣಸೆಹಣ್ಣು ಹಾಕಿ ತೊಳೆದಳು. ಬರೀ ನೀರೇಕೆಂದು ಬೆಲ್ಲ, ನಿಂಬೆಹಣ್ಣು, ಶುಂಠಿ, ಏಲಕ್ಕಿ ಹಾಕಿ ಪಾನಕ ಮಾಡಿದಳು. ದೀಪಕ್ಕೆ ಎಣ್ಣೆ ಹಾಕುವ ಲಾಳಿಕೆಯನ್ನು ವಾಲ್ವಿನ ತೂತಿಗೆ ಇಟ್ಟು, ಹಸುಗೂಸಿಗೆ ಒಳಲೆಯಲ್ಲಿ ಹಾಲು ಹಾಕುವಷ್ಟು ತಾಳ್ಮೆಯಿಂದ ತುಂಬಿದಳು. "ಏನೂಂದ್ರೆ, ನಾಳೆ ಸೋಮವಾರ. ಖಾಯಂ ಆಗೋ ವಿಷಯ ನಿಮ್ಮ ಸಾಹೇಬ್ರು ರಾಮಸ್ವಾಮಿಗಳು ಬರೆಯೋ ದಿನ. ಬಿದ್ದು ಗಿದ್ದು ಕೈಕಾಲು ಮುರ್ಕೊಂಡು ಬರಬೇಡಿ" ಎಂದಳು. ಆ ವರದಿಯೊಂದು ಚೆನ್ನಾಗಿ ಬಂದರೆ ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ, ಊರಿಗೆ ಬರಿಗೈಲಿ ಹಿಂತಿರುಗುವ ಅವಮಾನ ತಪ್ಪುತ್ತದೆ.

ಟ್ಯೂಬನ್ನು ಜನಿವಾರದ ಹಾಗೆ ಎಡಹೆಗಲಿನಿಂದ ಬಲಕ್ಕೆ ಇಳಿಬಿಟ್ಟುಕೊಂಡು ತಿರುಮಲೇಶ ಹೊರಟ.

ನಲ್ಲಿಯ ಹತ್ತಿರ ಧಾರವಾಡದ ಕಡೆಯ ದಾನವ್ವ ಕೊಡ ತುಂಬುತ್ತಿದ್ದವಳು ಇವನನ್ನು ನೋಡಿ ಕೊಡ ತುಂಬಿ ಹರಿದದ್ದನ್ನೂ ಮರೆತಳು. "ಅಯ್ಯ ಶಿವನ! ಏನ್ರಿ ಅಪ್ಪಾರ, ನೀವೂನೂ ಈ ಹಾದಿ ಹಿಡದ್ರ್ಯಾ?"

"ಪ್ರತಿ ಭಾನುವಾರ ಇದೇ ಹಾದಿ ಅಲ್ವೇ ದಾನವ್ವ?"

"ಪ್ರತಿ ಐತ್ವಾರ!" ದಾನವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಬ್ಯಾಡ್ರಿ ಯಪ್ಪಾ. ಮನ್ಯಾಗ ಚಿನ್ನದಂಥಾ ಹೆಂಡ್ತಿ ಅದಾಳ. ಆ ಹಾದ್ಯಾಗ ಹೋದಾವ್ರು ತಿರುಗಿ ಬಂದಿಲ್ಲ."

ಅವಳು ಹೇಳುತ್ತಿರುವುದು ಆರೆ ಕಾಡಿನ ಚಿರತೆಯ ವಿಷಯವೆಂದು ತಿರುಮಲೇಶ ತಿಳಿದುಕೊಂಡ. ಅವನ ಎದೆ ಒಲೆಯ ಮೇಲಿಟ್ಟ ಹಾಲಿನ ಹಾಗೆ ಮೇಲಕ್ಕೇರತೊಡಗಿತು.

ಸ್ಟೇಷನ್ನಿನ ಹತ್ತಿರ ಕಾಂತಪ್ಪನ ಹೋಟೆಲು. ಮಂಗಳೂರಿನ ಕಾಂತಪ್ಪ ಇವನ ಸ್ನೇಹಿತ. ಧೈರ್ಯಕ್ಕೊಂದು ಕಾಫಿ ಕುಡಿಯೋಣವೆಂದು ತಿರುಮಲೇಶ ಇಳಿದ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಕಾಂತಪ್ಪ ಟ್ಯೂಬನ್ನು ನೋಡಿದವನೇ ಇವನ ತೋಳು ಹಿಡಿದು ದೋಸೆಕಲ್ಲಿನ ಹಿಂದಕ್ಕೆ ಎಳೆದುಕೊಂಡು ಹೋದ.

"ಎಂತ ಮಾರಾಯ್ರೆ, ನಿಮಗೆ ತಲೆ ಸರಿ ಉಂಟಾ? ಅದನ್ನು ಹೆಗಲಿಗೆ ಹಾಕಿಕೊಂಡು ನನ್ನ ಹೋಟೆಲಿಗೆ ಬರುವುದಾ? ಅಲ್ಲಿ ನೋಡಿ, ಹವಾಲ್ದಾರ ಇಡ್ಲಿ ತಿನ್ತಾ ಇದ್ದಾನೆ!"

"ತಿನ್ನಲಿ ಬಿಡಿ. ಇದು ಪಾನಕ ಕಣ್ರೀ."

"ಎಲ್ಲರೂ ಒಂದೊಂದು ಹೆಸರು ಇಡ್ತಾರೆ. ಟ್ಯೂಬಿನಲ್ಲಿ ಹೋಗುವುದು ಕಳ್ಳಭಟ್ಟಿ ಅಂತ ಗೊತ್ತಿಲ್ವಾ ನಿಮಗೆ?"

ತಿರುಮಲೇಶ ಟ್ಯೂಬನ್ನು ಹೆಗಲಿನಿಂದ ಕೀಳಹೋದ. "ಅಯ್ಯೋ, ನಿಜವಾಗಿ ಪಾನಕ ಕಾಂತಪ್ಪ! ಬೆಲ್ಲದ್ದು!"

"ಅದೂ ಬೆಲ್ಲದ್ದೇ" ಎಂದ ಕಾಂತಪ್ಪ, ಎಲ್ಲ ತಿಳಿದವನ ನಗೆ ನಕ್ಕು. "ನೀವು ಸರ್ಕಾರಿ ಜನ. ಠಾಣೆಗೆ ಹೋದ ಮೇಲೆ ಬೆಲ್ಲವಾ ಬೇವಾ ಅಂತ ಯಾರು ಕೇಳುವುದು? ಕೆಲಸ ಹೋಯಿತು ಅಂತಲೇ ಲೆಕ್ಕ."

"ಹಾಗಾದರೆ ಇಲ್ಲೇ ಇಟ್ಟು ಹೋಗ್ತೀನಿ."

"ನನ್ನ ಹೋಟೆಲಿನಲ್ಲಾ? ಹೋಗಿ ಮಾರಾಯ್ರೆ, ಹಿಂಬಾಗಿಲಿನಿಂದ ಹೋಗಿ! ಎಲ್ಲಾದರೂ ಕಾಡಿನಲ್ಲಿ ಚೆಲ್ಲಿಬಿಡಿ!"

ಹಿಂಬಾಗಿಲಿನಿಂದ ಬಳಸಿ ಬಂದು ಸೈಕಲ್ಲಿಗೆ ಕೈಹಾಕುವಾಗ ತಿರುಮಲೇಶನ ಮೊಣಕೈ ಆ ಜಾಗಟೆಯಂಥ ಗಂಟೆಗೆ ತಗುಲಿತು. ಗಣಗಣವೆಂದು ಅದು ಮೊಳಗಿದ ರಭಸಕ್ಕೆ ಇಡೀ ಹೋಟೆಲು ತಿರುಗಿ ನೋಡಿತು. ಹಳದಿ ಟೋಪಿಯ ಹವಾಲ್ದಾರನೂ ಇಡ್ಲಿಯ ತುಂಡನ್ನು ಚಟ್ನಿಯಲ್ಲೇ ಬಿಟ್ಟು ತಲೆಯೆತ್ತಿದ. ಮೊದಲು ಗಂಟೆಯನ್ನು, ಆಮೇಲೆ ಟ್ಯೂಬನ್ನು ನೋಡಿದ.

ತಿರುಮಲೇಶ ಪೆಡಲು ತುಳಿದ. ಮನೆಯ ದಾರಿ ಹವಾಲ್ದಾರನ ಮುಂದಿನಿಂದಲೇ ಹೋಗುತ್ತಿತ್ತು. ಉಳಿದದ್ದು ಆರೆಯ ಏರುದಾರಿ ಒಂದೇ.

ಯಾವಾಗಲೂ ಇಳಿದು ತಳ್ಳಿಕೊಂಡು ಹೋಗುತ್ತಿದ್ದ ದಿಬ್ಬವನ್ನು ಅವತ್ತು ಕೂತಲ್ಲೇ ಹತ್ತಿದ. ಬೇರೆ ದಿನವಾಗಿದ್ದರೆ ಎರಡೂ ಕಡೆಯ ಹುಲ್ಲುಗಾವಲು, ದೂರದ ದನದ ಕೊಟ್ಟಿಗೆಗಳ ಸಾಲು, ಗುಡ್ಡದ ಮೇಲಿನ ತಂಪುಗಾಳಿ ಎಲ್ಲವನ್ನೂ ನೋಡುತ್ತ, ಸೀಟಿನ ಸ್ಪ್ರಿಂಗು ಇನ್ನೂ ಸ್ವಲ್ಪ ಮೆತ್ತಗಿರಬೇಕಿತ್ತು ಎಂದು ಯೋಚಿಸುತ್ತ ಹೋಗುತ್ತಿದ್ದ. ಈಗ ಕಣ್ಣೆಲ್ಲ ಕನ್ನಡಿಯಲ್ಲಿ. ಕನ್ನಡಿಯ ತುಂಬ ಹಳದಿ ಟೋಪಿಗಳು ಕಂಡವು. ತಿರುಗಿ ನೋಡಿದಾಗ ಅವು ಕಾಡುಹೂವುಗಳಾಗಿದ್ದವು.

ಮೋರಿಯೊಂದರ ಹತ್ತಿರ ಇಳಿದು ಟ್ಯೂಬಿನ ವಾಲ್ವಿಗೆ ಕೈಹಾಕಿದ. ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ನಿಲ್ಲಿಸಿ ನೋಡಿದರು. ಮುಂದಿನ ತಿರುವಿನಲ್ಲಿ ಇಳಿದ. ಅಲ್ಲಿ ಕೊಟ್ಟಿಗೆಯ ಆಳೊಬ್ಬ ತಗಡಿನ ಮಗ್ಗು ಹಿಡಿದು, "ಓ ಭಾವೂ! ಥಾಂಬಾ! ಥೋಡಾ ದ್ಯಾ!" ಎಂದು ಓಡೋಡಿ ಬಂದ. ಒಂದಿಷ್ಟು ಕೊಡು ಎನ್ನುವ ಆ ಗಿರಾಕಿಯಿಂದ ತಪ್ಪಿಸಿಕೊಳ್ಳಲು ತಿರುಮಲೇಶ ಡಾಂಬರು ರಸ್ತೆ ಬಿಟ್ಟು ಕೆರೆಯ ಕಡೆಯ ಕಾಲುದಾರಿಗೆ ಸೈಕಲ್ಲು ತಿರುಗಿಸಿದ.

ಆ ಕಾಲುದಾರಿಯಲ್ಲಿ ಬೆಳಗಿನ ಬಿಸಿಲೂ ಹೆದರಿ ಹೆದರಿ ಕಾಲಿಡುತ್ತಿತ್ತು. ಮೊಳಕಾಲುದ್ದದ ಕಲ್ಲುಗಳು, ಆಳೆತ್ತರದ ಲಂಟಾನ ಪೊದೆಗಳು. ಹಕ್ಕಿಯ ಸದ್ದಿಲ್ಲ. ಟ್ಯೂಬಿನೊಳಗಿನ ಪಾನಕ ಮಾತ್ರ ಬೆನ್ನ ಹಿಂದೆ ಯಾರೋ ನೊಣೆಯುವ ಹಾಗೆ ಕುಲುಕುತ್ತಿತ್ತು. ವಾಲ್ವಿನಿಂದ ತೊಟ್ಟಿಕ್ಕಿದ ಬೆಲ್ಲದ ನೀರಿಗೆ ಇರುವೆಗಳು ಅಂಗಿಯೊಳಗೆ ಹೊಕ್ಕಿದ್ದವು. ಇಲ್ಲಿ ಚೆಲ್ಲಿಬಿಟ್ಟರೆ ಬದುಕಿದೆ ಎಂದು ಟ್ಯೂಬನ್ನು ಹೆಗಲಿನಿಂದ ಇಳಿಸಿದ್ದನಷ್ಟೆ, ಪೊದೆಯೊಂದು ಅಲುಗಾಡಿತು.

ಚಿರತೆ! ರಾಮನಾಮವೂ ನೆನಪಾಗಲಿಲ್ಲ. ನೆನಪಾದದ್ದು ಅಲಮೇಲುವಿನ ಲಾಳಿಕೆ.

"ಶ್ಶ್... ಏಯ್... ಇಧರ್ ಆವೋ" ಎಂದಿತು ಪೊದೆ.

ಹಿಂದಿ ಮಾತನಾಡುವ ಚಿರತೆ ಮಫ್ಲರಿನಲ್ಲಿ ಮುಖ ಸುತ್ತಿಕೊಂಡು, ಕೈಯಲ್ಲಿ ಹಿತ್ತಾಳೆಯ ಚೊಂಬು ಹಿಡಿದು ಹೊರಗೆ ಬಂತು. "ರೋಜ್‌ವಾಲಾ ಕಿಧರ್ ಗಯಾ? ಜಲ್ದಿ ಡಾಲೋ, ಜಲ್ದಿ!" ಎಂದು ದಿನಾ ತರುವವನನ್ನು ಕೇಳುತ್ತ ಚೊಂಬು ಮುಂದೆ ಚಾಚಿತು.

ಆ ದನಿ ಕೇಳಿ ತಿರುಮಲೇಶನ ಎರಡು ಕೈಗಳೂ ತಮ್ಮಷ್ಟಕ್ಕೆ ತಾವೇ ಮುಗಿದುಕೊಂಡವು. "ನಮಸ್ಕಾರ ಸಾರ್."

ಮಫ್ಲರು ಜಾರಿತು. ಒಳಗಿದ್ದದ್ದು ಅವನ ಮೇಲಧಿಕಾರಿ, ಬೆಂಗಳೂರಿನ ರಾಮಸ್ವಾಮಿಗಳು. ಪಾನನಿರೋಧದ ಸಭೆಗಳಲ್ಲಿ ಗಂಟೆಗಟ್ಟಲೆ ಭಾಷಣ ಮಾಡುವ, ಕಾಫಿಯೂ ಒಂದು ಬಗೆಯ ಅಮಲೇ ಎಂದು ಕಚೇರಿಗೆ ಕಾಫಿ ತರಿಸದಂತೆ ಮಾಡಿದ್ದ ರಾಮಸ್ವಾಮಿಗಳು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೆಚ್ಚು ಬೆವರಿದವರು ಯಾರೆಂದು ಹೇಳುವುದು ಕಷ್ಟ.

"ತಿರುಮಲೇಶ! ಅಂದರೆ ನೀನು... ನೀನೂ..." ರಾಮಸ್ವಾಮಿಗಳ ಮುಖದ ಮೇಲೆ ನಿಧಾನವಾಗಿ ಒಂದು ನಗೆ ಅರಳಿತು. ಕಚೇರಿಯಲ್ಲಿ ಎಂದೂ ಕಾಣದ, ಅಣ್ಣ ತಮ್ಮನಿಗೆ ತೋರುವಂಥ ನಗೆ. "ಕಳ್ಳ! ಇಷ್ಟು ದಿನ ಹೇಳಲೇ ಇಲ್ಲವಲ್ಲಯ್ಯ!"

ತಿರುಮಲೇಶ ಬಾಯಿ ತೆರೆಯುವುದರೊಳಗೆ ಕಾಲುದಾರಿಯಲ್ಲಿ ಬೂಟಿನ ಸದ್ದು ಕೇಳಿತು. ಟಪಟಪನೆ ಬಿದ್ದ ಬೆಲ್ಲದ ಹನಿಗಳ ಜಾಡು ಹಿಡಿದು ಹವಾಲ್ದಾರ ಬಂದೇಬಿಟ್ಟ.

ರಾಮಸ್ವಾಮಿಗಳ ನಗೆ ಅಲ್ಲೇ ಕಮರಿತು. ತಟಕ್ಕನೆ ತಿರುಮಲೇಶನ ಕೊರಳಪಟ್ಟಿ ಹಿಡಿದು, "ಹವಾಲ್ದಾರ್! ಪಕಡೋ ಇಸ್ಕೋ! ಮೈ ಪಕಡಾ!" ಎಂದು ಕೂಗಿದರು.

ಹವಾಲ್ದಾರ ಟ್ಯೂಬನ್ನು ಕಿತ್ತುಕೊಂಡ. ವಾಲ್ವು ಬಿಚ್ಚಿದ. ಮೂಸಿದ. ಹುಬ್ಬು ಗಂಟಿಕ್ಕಿದ. ತಿರುಮಲೇಶ ಕಣ್ಣು ಮುಚ್ಚಿದ. ಊರಿಗೆ ಹೋಗುವ ರೈಲು, ಪಕ್ಕದಲ್ಲಿ ಅಳುತ್ತ ಕೂತ ಅಲಮೇಲು, ನಿಲ್ದಾಣದಲ್ಲಿ ಬಾಯಿಗೆ ಸೆರಗಿಟ್ಟುಕೊಂಡ ನೆಂಟರು, ಎಲ್ಲವೂ ಕಂಡವು.

ಹವಾಲ್ದಾರ ರಾಮಸ್ವಾಮಿಗಳ ಕೈಯಿಂದ ಚೊಂಬು ತೆಗೆದುಕೊಂಡು, ಟ್ಯೂಬಿನಿಂದ ಅದಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದ. ಮತ್ತೊಂದು ಗುಟುಕು. ಆಮೇಲೆ ಇಡೀ ಚೊಂಬು. "ಅರೇ, ಹೇ ತರ್ ಸರಬತ್ ಆಹೇ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. "ವೆಲ್ದೋಡಾ!" ಎಂದು ಏಲಕ್ಕಿಯನ್ನು ಹೊಗಳಿ, ಮೀಸೆ ಒರೆಸಿಕೊಂಡು ಇನ್ನೊಂದು ಚೊಂಬು ಬಗ್ಗಿಸಿದ. ಟ್ಯೂಬು ತೆಳ್ಳಗಾಗುವವರೆಗೆ ಕುಡಿದು, ಚೊಂಬನ್ನು ರಾಮಸ್ವಾಮಿಗಳಿಗೆ ಹಿಂದಕ್ಕೆ ಕೊಟ್ಟ. ಚೊಂಬು ಹಿಡಿದು ಬೆಳಿಗ್ಗೆ ಪೊದೆಯ ಹಿಂದೆ ಬಂದ ದೊಡ್ಡ ಮನುಷ್ಯರನ್ನು ಏನೆಂದು ಕೇಳುವುದು? ಮರ್ಯಾದಸ್ಥನಾದ ಅವನು ಬೇರೆ ಕಡೆ ಮುಖ ತಿರುಗಿಸಿಕೊಂಡು, "ಮಾಫ್ ಕರನಾ ಸಾಬ್" ಎಂದು, ಅವರ ಕೆಲಸ ಕೆಡಿಸಿದ್ದಕ್ಕೆ ಕ್ಷಮೆ ಕೇಳಿ ಹೊರಟುಹೋದ.

ತಿರುಮಲೇಶನಿಗೆ ಹೋದ ಜೀವ ಬಂತು. ರಾಮಸ್ವಾಮಿಗಳ ಮುಖ ಮಾತ್ರ ಹಿಂಡಿದ ಬಟ್ಟೆಯ ಹಾಗಾಗಿತ್ತು.

"ನಿಜವಾಗಿ ಪಾನಕವೇ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ನಿಮ್ಮಾಣೆ ಸಾರ್."

"ನೀನು ಎಂದೂ ಕುಡಿದಿಲ್ಲವೇ? ಯಾವಾಗಲಾದರೂ? ಮನಸ್ಸಿಗೆ ಬೇಜಾರಾದಾಗ?"

"ಛೆ ಛೆ, ಇಲ್ಲ ಸಾರ್."

"ಸಿಗರೇಟು? ಇಸ್ಪೀಟು? ಕುದುರೆ ರೇಸಾದರೂ?"

"ಇಲ್ಲ ಸಾರ್. ಸೈಕಲ್ಲೊಂದೇ."

ರಾಮಸ್ವಾಮಿಗಳು ನಿಟ್ಟುಸಿರು ಬಿಟ್ಟು, ಖಾಲಿ ಚೊಂಬು ಹಿಡಿದು ಪೊದೆಯ ಮರೆಗೆ ನಡೆದುಬಿಟ್ಟರು. ಇಷ್ಟು ಒಳ್ಳೆಯವನೆಂದು ಅವರಿಗೆ ಗೊತ್ತಾದದ್ದೇ ಒಳ್ಳೆಯದಾಯಿತು, ಇನ್ನು ಖಾಯಂ ಆಗುವುದರಲ್ಲಿ ಸಂಶಯವೇ ಇಲ್ಲ ಎಂದುಕೊಂಡ ತಿರುಮಲೇಶ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಮನೆಗೆ ಬಂದ.

ಅವನೆಣಿಸಿದಂತೆಯೇ ಆಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ರಾಮಸ್ವಾಮಿಗಳೇ ಬಾಳೆಹಣ್ಣಿನ ಚಿಪ್ಪು ಹಿಡಿದು ಚಾಳಿಗೆ ಬಂದರು. ದೊಡ್ಡ ಸಾಹೇಬರು ಬಂದರೆಂದು ಮೊಗಸಾಲೆಯ ತುಂಬ ಜನ. ಅಲಮೇಲು ಅವಸರವಾಗಿ ಬಾದಾಮಿ ಹಾಲಿಗೆ ಒಲೆ ಹೊತ್ತಿಸಿದಳು. ಕಾಂತಪ್ಪನೂ ಹೋಟೆಲು ಬಿಟ್ಟು ಓಡಿ ಬಂದ.

"ಇಂಥ ಗುಣವಂತ ನಮ್ಮ ಕಚೇರಿಯಲ್ಲಿ ಇನ್ನೊಬ್ಬನಿಲ್ಲ" ಎಂದರು ರಾಮಸ್ವಾಮಿಗಳು ಎಲ್ಲರಿಗೂ ಕೇಳುವಂತೆ. "ತಿರುಮಲೇಶನನ್ನು ಖಾಯಂ ಮಾಡಲು ನಾಳೆಯ ವರದಿಯನ್ನು ಇವತ್ತೇ ಬರೆದಿಟ್ಟಿದ್ದೇನೆ."

ಮೊಗಸಾಲೆ ಚಪ್ಪಾಳೆ ತಟ್ಟಿತು. ಅಲಮೇಲು ಒಳಗೇ ಕಣ್ಣೊರೆಸಿಕೊಂಡಳು.

"ಡಾಂಗ್ ಜಿಲ್ಲೆಯ ಕಾಡಿನ ಕಚೇರಿಗೆ. ಅಲ್ಲಿಗೆ ಯಾರೂ ಹೋಗಲು ಒಪ್ಪುತ್ತಿರಲಿಲ್ಲ. ನಾಡಿದ್ದೇ ಹೊರಡಬೇಕು."

ಡಾಂಗ್ ಎಂದರೆ ಗುಜರಾತಿನ ಕಡೆಯ ದಟ್ಟ ಕಾಡು. ಅಲ್ಲಿಂದ ಚಳಿಜ್ವರ ಹೊತ್ತು ಬಂದ ಗುಮಾಸ್ತೆಯನ್ನು ತಿರುಮಲೇಶನೇ ಕಣ್ಣಾರೆ ನೋಡಿದ್ದ. ರಾಮಸ್ವಾಮಿಗಳನ್ನು ಮೂಲೆಗೆ ಕರೆದು ಕೈ ಹಿಡಿದುಕೊಂಡ. "ಸಾರ್, ನಾನೇನು ತಪ್ಪು ಮಾಡಿದೆ? ಬೆಳಗಿನದನ್ನು ಯಾರ ಹತ್ತಿರವೂ ಬಾಯಿಬಿಡೋದಿಲ್ಲ, ದೇವರಾಣೆ!"

"ಗೊತ್ತಪ್ಪ" ಎಂದರು ರಾಮಸ್ವಾಮಿಗಳು, ನಿಜವಾದ ಕರುಣೆಯಿಂದಲೇ. "ನೀನು ಹೇಳುವವನಲ್ಲ. ಆದರೆ ದಿನಾ ಎದುರಿಗೆ ಕೂತಿರುತ್ತೀಯಲ್ಲ, ಪಾನಕ ಕುಡಿದ ಮುಖ ಹೊತ್ತುಕೊಂಡು! ನಾನು ಸಭೆಯಲ್ಲಿ ಮಾತಾಡುವುದು ಹೇಗೆ? ಆ ಟ್ಯೂಬಿನಲ್ಲಿ ಬೇರೇನಾದರೂ ಇದ್ದಿದ್ದರೆ ನಿನ್ನನ್ನು ಪಕ್ಕದ ಮೇಜಿಗೇ ಹಾಕಿಕೊಳ್ಳುತ್ತಿದ್ದೆ. ಸಾಯುವವರೆಗೂ ಬಿಟ್ಟುಕೊಡುತ್ತಿರಲಿಲ್ಲ."

ತಿರುಮಲೇಶನಿಗೆ ಇನ್ನು ಯೋಚಿಸುವ ಶಕ್ತಿ ಉಳಿದಿರಲಿಲ್ಲ. ಹೆದರಿಕೆ ಗಂಟಲಿಗೆ ಬಂದು ಕೂಗಾಯಿತು.

"ಕುಡೀತೀನಿ ಸಾರ್! ಇವತ್ತಿನಿಂದಲೇ ಕುಡೀತೀನಿ!"

ಚಾಳಿನ ಆ ತುದಿಯಿಂದ ಈ ತುದಿಯವರೆಗೆ ಆ ಮಾತು ಕೇಳಿಸಿತು. ದಾನವ್ವ "ನಾ ಮುಂಜಾನೀನ ಹೇಳಿದ್ದೆ" ಎಂದು ಪಕ್ಕದವಳ ತೋಳು ಹಿಡಿದಳು. ಕಾಂತಪ್ಪ ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದ. ರಾಮಸ್ವಾಮಿಗಳು ಎರಡು ಹೆಜ್ಜೆ ಹಿಂದೆ ಸರಿದು, ಭಾಷಣದ ದನಿಯಲ್ಲಿ "ಶಿವ ಶಿವಾ!" ಎಂದು ಕಿವಿ ಮುಚ್ಚಿಕೊಂಡರು.

ಬಾದಾಮಿ ಹಾಲಿನ ಲೋಟ ಹಿಡಿದು ಹೊಸ್ತಿಲಿಗೆ ಬಂದಿದ್ದ ಅಲಮೇಲು ಗಂಡನ ಮುಖವನ್ನೊಮ್ಮೆ ನೋಡಿದಳು. ಲೋಟದೊಂದಿಗೆ ತಿರುಗಿ ಒಳಗೆ ಹೋದಳು. ಬಾಗಿಲು ಮುಚ್ಚಿತು. ಅಗಳಿ ಬಿದ್ದ ಸದ್ದು ಕೇಳಿತು.